ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಜನಿಸಿ, ನವಿಲುತೀರ್ಥದ ಅಣೆಕಟ್ಟನ್ನು ದಾಟಿ ಬರುವ ಮಲಪ್ರಭೆಯು ಹೊಳೆಆಲೂರಿನ ಮಗ್ಗುಲಲ್ಲಿ ಹರಿದು, 1909ರಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು ಸ್ಥಾಪಿಸಿದ ಶಿವಯೋಗಮಂದಿರವನ್ನೂ ಪಟ್ಟದಕಲ್ಲು ಐಹೊಳೆಗಳನ್ನೂ ಕಂಡು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಹೊಳೆಆಲೂರಿನ ಹೆಸರಿನಲ್ಲಿಯೇ ಹೊಳೆಯಿದೆ. ಆ ಸೀಮೆಯ ಬದುಕಿನಲ್ಲಿಯೂ ಇದೆ. ಈ ಹೊಳೆಯ ದಂಡೆಯ ಒಂದು ಮನೆಯಲ್ಲಿ ಒಂದು ಇಂಗ್ಲಿಷ್ ನುಡಿಯು ತಂದೆ-ಮಗನ ನಡುವೆ ಮನಸ್ತಾಪವನ್ನು ತಂದೊಡ್ಡಿದ ಪ್ರಸಂಗವು ಭಾಷೆಯನ್ನು ಕಲಿಸುವವರಿಗೂ ಕಲಿಯುವವರಿಗೂ ವಿಚಾರಣೀಯವಾಗಿದೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಕಾಡಿದ ಮಹಾಪೂರದ ತರುವಾಯ, ‘ಆಸರೆ’ ಯೋಜನೆಯ ಮೇರೆಗೆ ನೆರೆಪೀಡಿತರಿಗಾಗಿ ಎತ್ತರದ ನೆಲದಲ್ಲಿ ಹೊಸ ಮನೆಗಳು ಎದ್ದವು. ಆದರೂ ಹಲವು ಕುಟುಂಬಗಳು ಹೊಳೆದಂಡೆಯ ಹಳೆಯ ಮನೆಯನ್ನು ಬಿಡಲಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಉಕ್ಕಿ ಬಂದಳು. ನೀರು ಇಳಿದ ಮೇಲೆ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ತರುಣನೊಬ್ಬ ಊರಿಗೆ ಧಾವಿಸಿದ. ಕೆಸರು ತುಂಬಿದ ಪಡಸಾಲೆಯಲ್ಲಿ ನಿಂತು, ಬೀಗ ಹಾಕಿಟ್ಟ ಹೊಸ ಮನೆಗೆ ಹೋಗಿರೆಂದು ತಂದೆಯನ್ನು ಒತ್ತಾಯಿಸಿದ. ಹಿರಿಯರು ಸುಮ್ಮನಿದ್ದುದನ್ನು ಕಂಡು, “ಇದರಾಗ ವಿಚಾರ ಮಾಡೂದ ಏನೈತಿ ಅಪ್ಪಾ? ಇದು ನೋ-ಬ್ರೇನರ್” ಎಂದುಬಿಟ್ಟ.

ತಂದೆಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆದರೆ ‘ನೋ’ ಎಂದರೇನು, ‘ಬ್ರೇನ್’ ಎಂದರೇನು ಎಂಬಷ್ಟು ತಿಳಿದಿತ್ತು. ಅಂದು ಸಂಜೆಯೇ ಅವರು ಮಗನಿಗೆ ಇಂಗ್ಲಿಷ್ ಕಲಿಸಿದ್ದ ನಿವೃತ್ತ ಶಿಕ್ಷಕರ ಮನೆಗೆ ನಡೆದರು. “ಸರ, ನಿಮ್ಮ ಕೈಯಾಗ ಕಲತ ಹುಡುಗ ನನಗ ಮೆದುಳಿಲ್ಲ ಅಂತಾನ್ರಿ. ಇದನ್ನೇನ್ರಿ ನೀವು ಕಲಿಸಿದ್ದು?”

ಶಿಕ್ಷಕರು ನಕ್ಕು ಅವರನ್ನು ಕೂಡ್ರಿಸಿಕೊಂಡರು. ಆ ಮಾತು ಮನುಷ್ಯನನ್ನು ಕುರಿತದ್ದಲ್ಲ, ಆಯ್ಕೆಯನ್ನು ಕುರಿತದ್ದು. ಮಿದುಳಿಗೆ ಕೆಲಸ ಕೊಡದೆಯೇ ನಿರ್ಧರಿಸಬಹುದಾದಷ್ಟು ಸ್ಪಷ್ಟವಾದುದು ಎಂಬುದು ಅದರ ಅರ್ಥವೆಂದು ವಿವರಿಸಿದರು. ಒಂದೇ ಬೆಲೆಗೆ ಹಸನಾದ ಜೋಳವೂ ಹುಳ ಬಿದ್ದ ಜೋಳವೂ ಎದುರಿಗಿದ್ದರೆ ಯಾವುದನ್ನು ಕೊಳ್ಳಬೇಕೆಂದು ಯಾರೂ ಪಂಚರನ್ನು ಕೂಡಿಸುವುದಿಲ್ಲ. ಅಂಥಲ್ಲಿ ಈ ಮಾತು ಸಲ್ಲುತ್ತದೆ. 1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಕಾಣಿಸಿಕೊಂಡ ಈ ನುಡಿಯು ಸಲುಗೆಯ ಸಂಭಾಷಣೆಗೆ ಮೀಸಲಾದುದು. ಅರ್ಜಿಯಲ್ಲಾಗಲಿ ಪರೀಕ್ಷೆಯ ಉತ್ತರದಲ್ಲಾಗಲಿ ಅದಕ್ಕೆ ಸ್ಥಾನವಿಲ್ಲ. ವಿಚಾರವಿಲ್ಲದೆ ಮಾಡಿದ ಮೂರ್ಖತನದ ಕೆಲಸಕ್ಕೂ ಅದನ್ನು ಬಳಸಿದ್ದುಂಟು. ಆದುದರಿಂದ ಹಿರಿಯರ ಸಂಶಯವು ತೀರ ಬುಡವಿಲ್ಲದ್ದೇನೂ ಆಗಿರಲಿಲ್ಲ. ಇನ್ನೂ ಆಲೋಚಿಸುತ್ತಿರುವವನ ಮುಂದೆ ಈ ಮಾತನ್ನಾಡಿದರೆ, ‘ಇಷ್ಟೂ ತಿಳಿಯದೇ?’ ಎಂಬ ಚುಚ್ಚು ಅದರೊಳಗೆ ತಾನಾಗಿಯೇ ಸೇರಿಕೊಳ್ಳುತ್ತದೆ.

“ನಮ್ಮಲ್ಲಿ ಇದಕ್ಕ ಮಾತಿಲ್ಲೇನ್ರಿ?” ಎಂದು ಹಿರಿಯರು ಕೇಳಿದರು. ಇಲ್ಲದೇನು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಪಂಡಿತರಾದವರು ‘ಹಸ್ತಾಮಲಕ’ವೆನ್ನುವರು; ಅಂಗೈಯಲ್ಲಿಯ ನೆಲ್ಲಿಕಾಯಿಯಂತೆ ನಿಚ್ಚಳವಾದುದು ಎಂದರ್ಥ. ಹುಣ್ಣಾಗಲಿ, ನೆಲ್ಲಿಕಾಯಿಯಾಗಲಿ, ಎರಡೂ ಇರುವುದು ಅಂಗೈಯಲ್ಲಿಯೇ ಎಂಬುದು ಗಮನಿಸತಕ್ಕ ಸಂಗತಿ. ಅಂಗೈ ಎಂದೊಡನೆ, ಯಾರ ಅಂಗೈ ಎಂಬ ಪ್ರಶ್ನೆಯೂ ಬರುತ್ತದೆ.

ಆಗ ಹಿರಿಯರು ತಮ್ಮ ಅಂಗೈಯನ್ನು ತೋರಿದರು. “ಹೊಸಾ ಮನ್ಯಾಗ ಎರಡ ಖೋಲಿ ಅದಾವ್ರಿ. ಎತ್ತು ಎಲ್ಲಿ ಕಟ್ಟಲಿ? ಬಣವಿ ಎಲ್ಲಿ ಒಟ್ಟಲಿ? ಹೊಲ ಇರೂದು ಇಲ್ಲೇ ಹೊಳಿ ದಂಡ್ಯಾಗ. ಎತ್ತು ಇಲ್ಲೇ ಬಿಟ್ಟು ನಾ ಮ್ಯಾಲೆ ಹ್ಯಾಂಗ ಮಲಗಲಿ?”

ಮರುದಿನ ಶಿಕ್ಷಕರು ತಮ್ಮ ಹಳೆಯ ವಿದ್ಯಾರ್ಥಿಯನ್ನು ಕರೆಸಿಕೊಂಡು ಮತ್ತೊಂದು ಪಾಠವನ್ನು ಹೇಳಿದರು. ಕನ್ನಡಿಗನು ‘ನನಗೆ ಗೊತ್ತು’, ‘ನನಗೆ ತಿಳಿಯಿತು’ ಎನ್ನುತ್ತಾನೆ. ತಿಳಿವಳಿಕೆಗೆ ನಮ್ಮ ನುಡಿಯು ಚತುರ್ಥೀ ವಿಭಕ್ತಿಯನ್ನು ಹಚ್ಚಿ, ಅದು ಯಾರಿಗೆ ಎಂಬುದನ್ನು ಹೇಳಿಸುತ್ತದೆ. ‘ಇದು ನೋ-ಬ್ರೇನರ್’ ಎಂಬ ಮಾತಿನಲ್ಲಿ ಆ ‘ಯಾರಿಗೆ’ ಎಂಬುದು ಬಹುತೇಕ ಲೋಪವಾಗಿರುತ್ತದೆ. ಹೇಳಿದವನಿಗೆ ಸ್ಪಷ್ಟವಾದುದು ಲೋಕಕ್ಕೆಲ್ಲ ಸ್ಪಷ್ಟವೆಂಬಂತೆ ತೋರುತ್ತದೆ. “ನೀರಿನ ಭಯ ನಿನಗೆ ಕಾಣುತ್ತದೆ, ಅದು ನಿಜ. ಎತ್ತಿನ ಚಿಂತೆ ನಿನ್ನ ತಂದೆಗೆ ಕಾಣುತ್ತದೆ, ಅದೂ ನಿಜ. ‘ನನಗೆ’ ಎಂಬ ಮಾತನ್ನು ಸೇರಿಸಿ ಹೇಳು, ಆಮೇಲೆ ‘ನಿಮಗೆ?’ ಎಂದು ಕೇಳು” ಎಂದರು.

ಶರಣಪರಂಪರೆಗೆ ಈ ಪಾಠವು ಹೊಸದಲ್ಲ. ಉಪನಯನವೆಂಬುದು ಬಾಲಕ ಬಸವಣ್ಣನವರ ಮನೆತನಕ್ಕೆ ವಿಚಾರಿಸಬೇಕಾದ ವಿಷಯವೇ ಆಗಿರಲಿಲ್ಲ. ಅಕ್ಕ ನಾಗಮ್ಮನಿಗೆ ಏಕಿಲ್ಲ ಎಂದು ಅವರು ಕೇಳಿದರೆಂಬುದು ಪ್ರತೀತಿ. ಎಲ್ಲರಿಗೂ ನಿಚ್ಚಳವೆಂದು ತೋರಿದ್ದರಲ್ಲಿ ಪ್ರಶ್ನೆಯನ್ನು ಕಂಡ ಆ ಅರಿವೇ ಮುಂದೆ ಅನುಭವ ಮಂಟಪದ ಸಂವಾದಕ್ಕೆ ಬೀಜವಾಯಿತೆನ್ನಬಹುದು.

ತರುಣನು ಅಂದು ಮನೆಗೆ ಹೋಗಿ ತಂದೆಯ ಮುಂದೆ ಕುಳಿತು, ಮೊದಲ ಬಾರಿಗೆ ಎತ್ತುಗಳ ಮಾತೆತ್ತಿದ. ಬರುವ ಮುಂಗಾರಿನೊಳಗೆ ಹೊಸ ಮನೆಯ ಹಿತ್ತಿಲಿಗೆ ತಗಡಿನ ಸೂರಿನ ಕೊಟ್ಟಿಗೆಯೊಂದು ಬಂದಿತು. ಮಳೆಗಾಲ ಮುಗಿಯುವವರೆಗೆ ಎತ್ತುಗಳ ಸಮೇತ ಮೇಲಿರುವುದು, ಸುಗ್ಗಿಯಲ್ಲಿ ಹಳೆಯ ಮನೆಯಲ್ಲಿ ಕಾಳುಕಡಿ ಮಾಡಿಕೊಳ್ಳುವುದು ಎಂದು ನಿಶ್ಚಯವಾಯಿತು. ಎತ್ತುಗಳನ್ನು ಹೊಡೆದುಕೊಂಡು ಹೊರಟ ದಿನ ಹಿರಿಯರು ಶಿಕ್ಷಕರ ಮನೆಯ ಮುಂದೆ ನಿಂತು, “ಸರ, ಈಗ ಇದು ನನಗೂ ನೋ-ಬ್ರೇನರ್ ಆತ್ರಿ” ಎಂದು ನಕ್ಕರು. ‘ನನಗೂ’ ಎಂಬ ಪದವನ್ನು ಅವರು ಮರೆತಿರಲಿಲ್ಲ.

ವಿಚಾರವೇ ಬೇಡವೆನಿಸಿದ ಆ ಆಯ್ಕೆಯು ಸುಲಭವಾದುದು ಇಬ್ಬರೂ ಕುಳಿತು ವಿಚಾರ ಮಾಡಿದ್ದರಿಂದಲೇ. ಗುರುವು ಶಿಷ್ಯನಿಗೆ ಲೆಕ್ಕವನ್ನು ‘ಬಹು ಸುಲಭ’ವೆಂದು ಹೇಳುವ ಮುನ್ನ, ದಾನಿಯು ‘ಇದೇ ನಿಮಗೆ ಬೇಕಾದುದು’ ಎಂದು ಕೈಯೆತ್ತಿ ಕೊಡುವ ಮುನ್ನ, ಎದುರಿನವರ ಅಂಗೈಯನ್ನು ಒಮ್ಮೆ ನೋಡುವುದು ಲೇಸು. ತನ್ನ ಅಂಗೈಯ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಪರರ ಅಂಗೈಯ ಹುಣ್ಣನ್ನು ಕಾಣಬೇಕಾದರೆ, ಕೈ ಚಾಚಿ ತೋರಿಸಿರೆಂದು ಅವರನ್ನು ಕೇಳಲೇಬೇಕು.