ಗುಂಡನ ಕಣ್ಣೀರಿನ ಅಳತೆ

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ರಾಜಾಜಿನಗರದಲ್ಲಿ ವಿಜ್ಞಾನ ಪಾಠ ಹೇಳಿದವನು ನಾನು. “ಅಳೆಯದೆ ಉತ್ತರ ಹೇಳಬೇಡಿ” ಎಂದು ನಿಮ್ಮನ್ನೆಲ್ಲ ಎಷ್ಟು ಸಲ ಗದರಿಸಿದ್ದೇನೋ ಲೆಕ್ಕವಿಲ್ಲ. ಆ ಮಾತನ್ನು ನಾನೇ ಮರೆತು, ಮನೆಯ ಮೂಕಪ್ರಾಣಿಯ ಕಣ್ಣಿಗೆ ಕುತ್ತು ತಂದುಕೊಂಡ ಪ್ರಸಂಗವನ್ನು ಇಂದು ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಓದಿ ನಕ್ಕರೆ ಬೇಸರವಿಲ್ಲ.

ಗುಂಡ ನಮ್ಮ ಬಸವೇಶ್ವರನಗರದ ಮನೆಗೆ ಬಂದದ್ದು 2014ರಲ್ಲಿ, ಮಗಳ ಹಟದಿಂದ. ಪಗ್ ಜಾತಿಯ ನಾಯಿ. 2003ರ ಮೊಬೈಲ್ ಜಾಹೀರಾತನ್ನು ಮರೆಯದ ನಮ್ಮ ಬೀದಿಯವರಿಗೆ ಇವನು ಇಂದಿಗೂ “ಹಚ್ ನಾಯಿ”ಯೇ. ಚಪ್ಪಟೆ ಮೂತಿ, ಗೋಲಿಗಳಂತೆ ಹೊರಗೆ ಉಬ್ಬಿದ ಕಣ್ಣುಗಳು. ಆ ಕಣ್ಣುಗಳ ಅಂದಕ್ಕೆ ಮಾರುಹೋದ ನಮಗೆ ಅವುಗಳ ಕಷ್ಟ ತಿಳಿದಿರಲಿಲ್ಲ.

2021ರ ಜೂನ್ ತಿಂಗಳು. ಬೆಳಗ್ಗೆ ಎದ್ದರೆ ಗುಂಡನ ಕಣ್ಣುಗಳ ತುಂಬ ಹಳದಿ ಗೀಜು. ಒರೆಸಿದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಅಷ್ಟೇ. “ಪಾಪ, ಅಳ್ತಾ ಇದಾನೆ ಕಣ್ರೀ” ಎಂದಳು ನನ್ನಾಕೆ. ನಾನೂ ಇದು ನೀರು ಸೋರುವ ಕಣ್ಣೆಂದೇ ತೀರ್ಮಾನಿಸಿದೆ. ನನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಕೊಟ್ಟಿದ್ದ ಹನಿಮದ್ದಿನ ಇನ್ನೊಂದು ಸೀಸೆ ಒಡೆಯದೆ ಉಳಿದಿತ್ತು. ಮನುಷ್ಯನ ಕಣ್ಣಿಗೆ ಆದದ್ದು ನಾಯಿಗೆ ಆಗದೇ? ಒಂದು ಹನಿಯ ಬದಲು ನಾಲ್ಕು ಹಾಕಿದರೆ ಬೇಗ ಗುಣವಾದೀತೆಂಬ ಜಾಣತನ ಬೇರೆ. ಕೊರೋನಾದ ಭಯ ಹೊರಗೆ ಹೋಗದಿರಲು ಒಳ್ಳೆಯ ನೆಪವಾಯಿತು. ಹೀಗೆ ಮೂರು ವಾರಗಳು ಕಳೆದವು. ಒಂದು ದಿನ ಗುಂಡ ಮೇಜಿನ ಕಾಲಿಗೆ ಡಿಕ್ಕಿ ಹೊಡೆದು ನಿಂತ. ಆಗ ನನ್ನ ಎದೆ ಧಸಕ್ಕೆಂದಿತು.

ಮರುದಿನ ಬೆಳಗ್ಗೆ ಮೂರು ಆಟೋದವರು ನಾಯಿಯನ್ನು ನೋಡಿ ಒಲ್ಲೆನೆಂದರು. ನಾಲ್ಕನೆಯವರು ಕರುಣೆ ತೋರಿ ಯಶವಂತಪುರ, ಮೇಖ್ರಿ ವೃತ್ತದ ದಾರಿಯಾಗಿ ಹೆಬ್ಬಾಳಕ್ಕೆ ಕರೆದೊಯ್ದರು. ಅಲ್ಲಿರುವುದು 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಮಹಾವಿದ್ಯಾಲಯ. ಯುವ ವೈದ್ಯೆಯೊಬ್ಬರು ಗುಂಡನನ್ನು ಮೇಜಿನ ಮೇಲೆ ನಿಲ್ಲಿಸಿದರು. ಒತ್ತುಕಾಗದದಂತಹ ಕಿರಿದಾದ ಪಟ್ಟಿಯೊಂದರ ತುದಿಯನ್ನು ಮಡಿಸಿ, ಕೆಳರೆಪ್ಪೆಯೊಳಗೆ ಸಿಕ್ಕಿಸಿ, ಗಡಿಯಾರ ನೋಡುತ್ತ ನಿಂತರು. ಸರಿಯಾಗಿ ಒಂದು ನಿಮಿಷ.

ಇದಕ್ಕೆ ಶಿರ್ಮರ್ ಪರೀಕ್ಷೆ ಎಂದು ಹೆಸರು. ಜರ್ಮನಿಯ ನೇತ್ರವೈದ್ಯ ಆಟೊ ಶಿರ್ಮರ್ 1903ರಲ್ಲಿ ಮನುಷ್ಯರಿಗಾಗಿ ರೂಪಿಸಿದ ವಿಧಾನವಿದು. ಆರೋಗ್ಯವಂತ ನಾಯಿಯಾದರೆ ಒಂದು ನಿಮಿಷದಲ್ಲಿ ಪಟ್ಟಿ 15 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಒದ್ದೆಯಾಗಬೇಕು. ಗುಂಡನ ಎಡಗಣ್ಣಿನಲ್ಲಿ 7, ಬಲಗಣ್ಣಿನಲ್ಲಿ ಬರಿಯ 4.

“ಇವನು ಅಳ್ತಾ ಇಲ್ಲ ಸಾರ್. ಇವನಿಗೆ ಕಣ್ಣೀರೇ ಇಲ್ಲ” ಎಂದರು ವೈದ್ಯೆ.

ಕಣ್ಣೀರಿನ ಪದರದಲ್ಲಿ ಎಣ್ಣೆಯಂಶ, ನೀರು, ಲೋಳೆ ಎಂಬ ಮೂರು ಭಾಗಗಳಿವೆ. ನಾಯಿಗಳಲ್ಲಿ ನೀರಿನ ಭಾಗವನ್ನು ಒದಗಿಸುವುದು ಕಣ್ಣೀರಿನ ಗ್ರಂಥಿ ಮತ್ತು ಮೂರನೆಯ ರೆಪ್ಪೆಯ ಗ್ರಂಥಿ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ಈ ಗ್ರಂಥಿಗಳ ಮೇಲೆ ಎರಗಿದಾಗ ನೀರು ಬತ್ತುತ್ತದೆ, ಲೋಳೆ ಮಾತ್ರ ಉಳಿದು ಗೀಜಾಗುತ್ತದೆ. ನಾವು ಅಳು ಎಂದುಕೊಂಡದ್ದು ಬರಗಾಲದ ಗುರುತಾಗಿತ್ತು!

ಅನಂತರ ಅವರು ಫ್ಲೋರೆಸೀನ್ ಎಂಬ ಬಣ್ಣವನ್ನು ಕಣ್ಣಿಗೆ ಹಚ್ಚಿ, ನೀಲಿ ಬೆಳಕಿನಲ್ಲಿ ಪರೀಕ್ಷಿಸಿದರು. ಪಾರದರ್ಶಕ ಪಟಲದಲ್ಲಿ ಹುಣ್ಣಿದ್ದರೆ ಆ ಜಾಗ ಹಸಿರಾಗಿ ಹೊಳೆಯುತ್ತದೆ. ದೇವರ ದಯೆ, ಹುಣ್ಣಿರಲಿಲ್ಲ. ನಾನು ಹಾಕಿದ್ದು ಸ್ಟೀರಾಯ್ಡ್ ಇದ್ದ ಮದ್ದು. ಹುಣ್ಣಿದ್ದಿದ್ದರೆ ಅದು ಕಣ್ಣನ್ನೇ ತಿಂದುಹಾಕುವ ಸಾಧ್ಯತೆಯಿತ್ತೆಂದು ಕೇಳಿ ನಾನು ತಲೆ ತಗ್ಗಿಸಿದೆ.

“ಎಷ್ಟು ಹನಿ ಹಾಕ್ತಿದ್ರಿ ಸಾರ್?” “ನಾಲ್ಕು.” ಆಕೆ ನಕ್ಕು, “ಮೂರು ಕೆನ್ನೆಗೆ ಹೋಯ್ತು” ಎಂದರು.

ಅದು ತಮಾಷೆಯ ಮಾತಲ್ಲವೆಂದು ಆಮೇಲೆ ಓದಿ ತಿಳಿದೆ. ನಾಯಿಯ ಕಣ್ಣಿನಲ್ಲಿ ಒಂದು ಹೊತ್ತಿಗೆ ಇರುವ ಕಣ್ಣೀರು ಸುಮಾರು 65 ಮೈಕ್ರೋಲೀಟರ್, ಎಂದರೆ ಒಂದು ಮಿಲಿಲೀಟರಿನ ಹದಿನೈದರಲ್ಲಿ ಒಂದು ಪಾಲು. ಸೀಸೆಯಿಂದ ಬೀಳುವ ಒಂದು ಹನಿಯೇ 35ರಿಂದ 50 ಮೈಕ್ರೋಲೀಟರ್ ಇರುತ್ತದೆ. ನೆಮ್ಮದಿಯಾಗಿರುವ ಕಣ್ಣಿನಲ್ಲಿ ನಿಮಿಷಕ್ಕೆ ಶೇಕಡ 12ರಷ್ಟು ಕಣ್ಣೀರು ಬದಲಾದರೆ, ಕೆಣಕಿದ ಕಣ್ಣಿನಲ್ಲಿ ಸುಮಾರು ಅರ್ಧದಷ್ಟು ಬದಲಾಗುತ್ತದೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು ಬೀಗಲ್ ನಾಯಿಗಳ ಕಣ್ಣಿಗೆ ಬಣ್ಣದ ಹನಿ ಹಾಕಿ, ಆಗಾಗ ಸೂಕ್ಷ್ಮ ಗಾಜಿನ ನಳಿಕೆಯಿಂದ ಕಣ್ಣೀರು ತೆಗೆದು, ಬಣ್ಣವೆಷ್ಟು ಉಳಿದಿದೆಯೆಂದು ಅಳೆದು, 2019ರಲ್ಲಿ ಪ್ರಕಟಿಸಿದರು. ಒಂದು ಹನಿ ಸಾಕು, ಹೆಚ್ಚಾದದ್ದು ಚರ್ಮದ ಮೇಲೆ ಹರಿದೋ ಮೂಗಿನ ನಾಳಕ್ಕೆ ಇಳಿದೋ ಹೋಗುತ್ತದೆ ಎಂಬುದು ಅದರ ಸಾರ. ಎರಡನೆಯ ಮದ್ದು ಹಾಕುವುದಿದ್ದರೆ ಐದು ನಿಮಿಷವಾದರೂ ಕಾಯಬೇಕು. ಇಲ್ಲವಾದರೆ ಅದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಗುಂಡನಿಗೆ ಬರೆದುಕೊಟ್ಟದ್ದು ಸೈಕ್ಲೋಸ್ಪೋರಿನ್. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಮದ್ದು ಅದು. ನಾಯಿಗಳ ಒಣಗಣ್ಣಿಗೆ ಅದು ಒದಗುತ್ತದೆಂದು ತೋರಿಸಿದವರು ಜಾರ್ಜಿಯಾ ವಿಶ್ವವಿದ್ಯಾಲಯದ ಪಶುನೇತ್ರತಜ್ಞೆ ರೆನೀ ಕಾಸ್ವಾನ್. ಅಮೆರಿಕದಲ್ಲಿ 1995ರಲ್ಲಿ ನಾಯಿಗಳಿಗೆ, 2002ರ ಕೊನೆಯಲ್ಲಿ ಮನುಷ್ಯರಿಗೆ ಅದು ಕಣ್ಣಿನ ಮದ್ದಾಗಿ ಒಪ್ಪಿತವಾಯಿತು. ಕಳೆದ ವರ್ಷ ನನ್ನ ಅಕ್ಕನ ಒಣಗಣ್ಣಿಗೆ ಅದನ್ನೇ ಬರೆದುಕೊಟ್ಟಾಗ, “ನಾಯಿ ಔಷಧಿ ನನಗೇಕೋ?” ಎಂದು ಅವಳು ಮುನಿಸಿಕೊಂಡಳು.

ಮದ್ದು ನಾಟಲು ವಾರಗಳೇ ಹಿಡಿದವು. ಎರಡು ತಿಂಗಳ ನಂತರ ಎಡಗಣ್ಣಿನ ಅಳತೆ 14ಕ್ಕೆ, ಬಲಗಣ್ಣಿನದು 9ಕ್ಕೆ ಏರಿತು. ಆದರೆ ಬಲಗಣ್ಣಿನ ಮೇಲೆ ಅಷ್ಟರಲ್ಲಿ ಕಂದುಬಣ್ಣದ ಪೊರೆ ಹರಡಿತ್ತು. ಅದು ಪೂರ್ತಿ ಹೋಗಲಿಲ್ಲ. ನನ್ನ ಆ ಮೂರು ವಾರಗಳ ಪಾಲು ಅದರಲ್ಲಿ ಎಷ್ಟೆಂದು ನಾನು ವೈದ್ಯೆಯನ್ನು ಕೇಳಲಿಲ್ಲ. ಕೇಳುವ ಧೈರ್ಯವಾಗಲಿಲ್ಲ.

ಮಾರ್ಚಿ ಪರೀಕ್ಷೆ ಹತ್ತಿರವಾದಾಗ ಒಂದೇ ಪೀರಿಯಡ್ಡಿನಲ್ಲಿ ಎರಡು ಪಾಠ ಮುಗಿಸುತ್ತಿದ್ದ ನನ್ನ ಅವಸರ ನಿಮಗೆ ನೆನಪಿರಬಹುದು. ನಿಮ್ಮ ಕೆನ್ನೆಗೂ ಎಷ್ಟು ಹರಿದುಹೋಯಿತೋ!

ನಾಯಿ ಸಾಕಿರುವವರಲ್ಲಿ ನನ್ನದೊಂದೇ ವಿನಂತಿ: ಗೀಜು ಕಂಡರೆ ಮನೆಯಲ್ಲಿ ಉಳಿದ ಸೀಸೆಗೆ ಕೈಹಾಕಬೇಡಿ. ವೈದ್ಯರಲ್ಲಿಗೆ ಕರೆದೊಯ್ದು ಆ ಕಾಗದದ ಪಟ್ಟಿಯ ಪರೀಕ್ಷೆ ಮಾಡಿಸಿ. ಒಂದು ನಿಮಿಷದ ಕೆಲಸ.

ಗುಂಡನಿಗೆ ಈಗ ವಯಸ್ಸಾಗಿದೆ. ಬೆಳಗ್ಗೆ, ಸಂಜೆ ಕೈತೊಳೆದು ಬಂದು ನಾನು ಸೀಸೆ ಹಿಡಿದರೆ ತಾನಾಗಿ ಮುಖವೆತ್ತುತ್ತಾನೆ. ಒಂದು ಹನಿ. ಅನಂತರ ಗಡಿಯಾರ ನೋಡುತ್ತ ಇಬ್ಬರೂ ಐದು ನಿಮಿಷ ಸುಮ್ಮನೆ ಕೂರುತ್ತೇವೆ.