ಮುಂದಿನ ಭಾನುವಾರ

ಕಳೆದ ಭಾನುವಾರ ನನ್ನ ಮೊಮ್ಮಗಳು ಐದು ಗೋಲುಗಳಿಂದ ಸೋತು ಮನೆಗೆ ಬಂದಳು. ಸೋತವರ ಮುಖ ಹೇಗಿರಬೇಕೆಂಬ ವಿಷಯದಲ್ಲಿ ನನಗೆ ತಕ್ಕಮಟ್ಟಿನ ಪರಿಚಯ ಉಂಟು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಪಾಧ್ಯಾಯನಾಗಿದ್ದು, ಪರೀಕ್ಷೆಯ ಫಲಿತಾಂಶಗಳನ್ನು ಹಲಗೆಗೆ ಅಂಟಿಸಿದವನು ನಾನು. ಆದರೆ ಈ ಹುಡುಗಿ ಬೂಟಿನೊಳಗೆ ಸೇರಿದ್ದ ಕಪ್ಪು ರಬ್ಬರಿನ ಪುಡಿಯನ್ನು ನಾನು ಆಗತಾನೆ ಗುಡಿಸಿದ್ದ ಜಗಲಿಯ ಮೇಲೆ ಕೊಡವಿ, ಎರಡು ತಟ್ಟೆ ಉಪ್ಪಿಟ್ಟು ತಿಂದು, "ನಮ್ಮ ಟೀಮಿಗೆ ಗೋಲ್‌ಕೀಪರ್ ನಾನೇ ತಾತ, ಐದೂ ನನ್ನ ಕೈಕೆಳಗೇ ಹೋದವು" ಎಂದು, ಸನ್ಮಾನ ಮಾಡಿಸಿಕೊಂಡು ಬಂದವಳ ಹಾಗೆ ಹೇಳಿದಳು.

"ಹಾಗಾದರೆ ಮುಗಿಯಿತೇನಮ್ಮ ನಿಮ್ಮ ಪಂದ್ಯಾಟ?" ಎಂದೆ, ಮರುಕದಿಂದ.

"ಮುಗಿಯೋದೇನು ತಾತ? ಇದು ಲೀಗು. ಮುಂದಿನ ಭಾನುವಾರ ಇನ್ನೊಂದು ಟೀಮಿನ ಜೊತೆ ಇದೆ."

ಬೆಂಗಳೂರಿನಲ್ಲಿ ಈಗ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಆಟದ ಬಯಲುಗಳಿವೆ. ಸುತ್ತ ಬಲೆ, ಮೇಲೆ ದೀಪ, ಕೆಳಗೆ ಎಂದೂ ಬಾಡದ ಪ್ಲಾಸ್ಟಿಕ್ ಹುಲ್ಲು. ಆಫೀಸಿಗೆ ಹೋಗುವವರು, ಕಾಲೇಜಿನವರು, ಗಂಡಸರು, ಹೆಂಗಸರು, ಕೆಲವು ದಿನ ಎಲ್ಲರೂ ಬೆರೆತು, ಫುಟ್‌ಬಾಲ್ ಆಡುತ್ತಾರೆ. ಯಾರಿಗೂ ಅದರಿಂದ ಸಂಬಳವಿಲ್ಲ. ಬದಲಾಗಿ ಕೈಯಿಂದಲೇ ದುಡ್ಡು ಕೊಟ್ಟು ಒದೆ ತಿಂದು ಬರುತ್ತಾರೆ. ಈ ಸಂತೋಷ ನನಗೆ ಮೊದಮೊದಲು ಅರ್ಥವಾಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ನನಗೆ ಅದು ಬಹಳ ಚೆನ್ನಾಗಿ ಅರ್ಥವಾಗುತ್ತದೆ. 'ಲೀಗು' ಎಂಬ ಮಾತು ಕಿವಿಗೆ ಬಿದ್ದಾಗ ನಾನು ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟು ಸುಮ್ಮನೆ ಕುಳಿತದ್ದೂ ಅದಕ್ಕೇ.

ಪಂದ್ಯಾಟಗಳಲ್ಲಿ ಎರಡು ಜಾತಿ. ಒಂದರಲ್ಲಿ ಒಮ್ಮೆ ಸೋತರೆ ಮನೆಗೆ. ನಮ್ಮ ಶಾಲೆಗಳ ಕ್ರೀಡಾಕೂಟಗಳು ಹೆಚ್ಚಾಗಿ ಈ ಜಾತಿಯವೇ: ಹೋಬಳಿ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ. ಬೆಳಗಿನ ಜಾವ ಎದ್ದು, ಬುತ್ತಿ ಕಟ್ಟಿಕೊಂಡು, ಎರಡು ಬಸ್ಸು ಬದಲಾಯಿಸಿ ಬಂದ ಮಗು ಹದಿನೈದು ನಿಮಿಷದಲ್ಲಿ ಸೋತು, ಬುತ್ತಿಯನ್ನು ಬಿಚ್ಚುವ ಮೊದಲೇ ಆ ವರ್ಷದ ಆಟವನ್ನು ಮುಗಿಸಿಕೊಂಡು ಹೋಗುತ್ತದೆ. ಇನ್ನೊಂದು ಜಾತಿಯೇ ಲೀಗು. ಇದರಲ್ಲಿ ಎಲ್ಲರೂ ಎಲ್ಲರೊಡನೆಯೂ ಆಡಬೇಕು. ಸೋಲು ಗೆಲುವು ಕೊನೆಗೆ ಕೂಡಿ ಕಳೆಯುವ ಲೆಕ್ಕ. ಇಂಗ್ಲೆಂಡಿನಲ್ಲಿ 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಸೇರಿ ಇದನ್ನು ಆರಂಭಿಸಿದ್ದು ತತ್ವಕ್ಕಾಗಿ ಏನಲ್ಲ. ಕಪ್ಪಿನ ಪಂದ್ಯದಲ್ಲಿ ಬೇಗ ಸೋತರೆ ಮುಂದಿನ ಶನಿವಾರಗಳಿಗೆ ಆಟವೂ ಇಲ್ಲ, ಟಿಕೆಟ್ಟಿನ ಹಣವೂ ಇಲ್ಲ. ವರ್ಷಕ್ಕೆ ಇಷ್ಟು ಪಂದ್ಯ ಎಂದು ಖಾತ್ರಿ ಇರಲೆಂದು ಮಾಡಿಕೊಂಡ ಏರ್ಪಾಡು. ವ್ಯವಹಾರಕ್ಕಾಗಿ ಹುಟ್ಟಿದ್ದಾದರೂ ಅದರೊಳಗೆ ಒಂದು ದಯೆ ಸೇರಿಕೊಂಡುಬಿಟ್ಟಿದೆ. ಸೋತವನಿಗೂ ಅದರಲ್ಲಿ ಮುಂದಿನ ವಾರ ಎಂಬುದೊಂದಿದೆ.

ಇಂಥ ಲೀಗೊಂದನ್ನು ನಾನೂ ಒಮ್ಮೆ ಕಟ್ಟಲು ಹೊರಟಿದ್ದೆ. ಅದು 1981. ಮಧುಗಿರಿಯ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟರು. ಆಟದ ಮೇಷ್ಟರಿಗೆ ವರ್ಗವಾಗಿ ಆ ಜಾಗ ಖಾಲಿ ಬಿದ್ದಿತ್ತು. ಉಪಾಧ್ಯಾಯರ ಪೈಕಿ ಹೊಟ್ಟೆ ಇನ್ನೂ ಮುಂದಕ್ಕೆ ಬರದಿದ್ದವನು ನಾನೊಬ್ಬನೇ ಆದ್ದರಿಂದ ಸೀಟಿ ನನ್ನ ಕೊರಳಿಗೆ ಬಿತ್ತು. ಬೀರುವಿನಲ್ಲಿ ಎಂದೋ ಬಂದು ಗಾಳಿಯಿಲ್ಲದೆ ಬಿದ್ದಿದ್ದ ಒಂದು ಫುಟ್‌ಬಾಲು ಇತ್ತು. ಕಬಡ್ಡಿ, ಖೋ ಖೋ, ವಾಲಿಬಾಲುಗಳ ಸೀಮೆಯಲ್ಲಿ ಅದನ್ನು ಕೇಳುವವರಿರಲಿಲ್ಲ. ನಾನು ಬೆಂಗಳೂರಿನಲ್ಲಿ ಓದುವಾಗ ದಂಡಿನ ಪ್ರದೇಶದ ಮೈದಾನಗಳ ಅಂಚಿನಲ್ಲಿ ನಿಂತು ಈ ಆಟದ ಹುಚ್ಚು ಹತ್ತಿಸಿಕೊಂಡಿದ್ದವನು. 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದು ತಂದದ್ದನ್ನೂ, ಸಂತೋಷ್ ಟ್ರೋಫಿಯನ್ನು ನಮ್ಮ ಮೈಸೂರು ತಂಡ ಗೆದ್ದದ್ದನ್ನೂ ಅಲ್ಲಿನ ಹಿರಿಯರು ರಾಮಾಯಣದಂತೆ ಹೇಳುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬಹುಮಂದಿ ಬರಿಗಾಲಿನಲ್ಲೇ ಆಡಿ, ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು, ಫ್ರಾನ್ಸಿಗೆ 1–2ರಿಂದ ಸೋತರಷ್ಟೆ. ಆ ಒಂದು ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಬರಿಗಾಲು ಸಾಕೆಂದ ಮೇಲೆ ನಮ್ಮ ಹುಡುಗರಿಗೆ ಏನು ಕೊರತೆ?

ಕೊರತೆ ಇದ್ದದ್ದು ನೆಲದಲ್ಲಿ. ನಮ್ಮ ಬಯಲಿನಲ್ಲಿ ನೆಗ್ಗಿಲ ಮುಳ್ಳು. ಅದು ಹುಡುಗರ ಅಂಗಾಲನ್ನೂ ಚೆಂಡಿನ ಬ್ಲಾಡರನ್ನೂ ಒಂದೇ ಸಮನಾಗಿ ಕಾಣುತ್ತಿತ್ತು. ಪ್ರತಿ ಆಟಕ್ಕೆ ಮುಂಚೆ ಸೈಕಲ್ ಷಾಪಿನವನು ಪಂಕ್ಚರ್ ಹಾಕಿ ಗಾಳಿ ತುಂಬಬೇಕು. ಗೋಲಿನ ಅಗಲ ಇಪ್ಪತ್ತನಾಲ್ಕು ಅಡಿ, ಎತ್ತರ ಎಂಟಡಿ ಎಂದು ಪುಸ್ತಕ ಹೇಳುತ್ತಿತ್ತು. ನಮಗೆ ಸಿಕ್ಕಿದ್ದು ಎರಡು ಹೊಂಗೆಯ ಗೂಟ. ಎತ್ತರವನ್ನು ಗೋಲಿಯ ಕೈ ಎಟಕುವಷ್ಟು ಎಂದು ಗೊತ್ತು ಮಾಡಿದೆವು. ಆಫ್‌ಸೈಡ್ ಎಂಬ ನಿಯಮವನ್ನು ನಾನು ಕಪ್ಪುಹಲಗೆಯ ಮೇಲೆ ಎರಡು ಸಲ ಬಿಡಿಸಿ ತೋರಿಸಿದೆ. ಎರಡನೆಯ ಸಲ ನನಗೇ ಅನುಮಾನ ಬಂದದ್ದರಿಂದ ಅದನ್ನು ಕೈಬಿಟ್ಟೆವು.

ಟ್ರೈನಿಂಗಿನಲ್ಲಿ ನನ್ನ ಜೊತೆಗಿದ್ದ ಮೂವರು ಗೆಳೆಯರು ಸಿರಾ, ಕೊರಟಗೆರೆ, ಪಾವಗಡಗಳ ಕಡೆ ಇದ್ದರು. ಅವರಿಗೆ ಇನ್‌ಲ್ಯಾಂಡ್ ಕಾಗದ ಬರೆದೆ. ನಾಲ್ಕು ತಾಲ್ಲೂಕು, ನಾಲ್ಕು ತಂಡ. ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿದರೆ ಆರು ಪಂದ್ಯ. ಗೆದ್ದರೆ ಎರಡು ಅಂಕ, ಸಮವಾದರೆ ಒಂದು. ಈ ನಾಲ್ಕು ತಾಲ್ಲೂಕುಗಳೂ ಸೇರಿ ಈಗ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಹೆಸರಿಗೆ ಒಂದು ಕುಟುಂಬ. ಗುಣ ಬೇರೆ ಬೇರೆ. ಮಧುಗಿರಿಗೆ ತನ್ನ ಒಂದೇ ಕಲ್ಲಿನ ಬೆಟ್ಟದ ಜಂಬ. ಸಿರಾಕ್ಕೆ, ತಾನು ಮೊಗಲರ ಕಾಲದಲ್ಲಿ ಸುಬಾ ರಾಜಧಾನಿಯಾಗಿದ್ದೆನೆಂಬ ನೆನಪು. ಕೊರಟಗೆರೆಗೆ ಸಿದ್ಧರಬೆಟ್ಟ, ಜಯಮಂಗಲಿ. ಪಾವಗಡವಂತೂ ಮೂರು ಕಡೆ ಆಂಧ್ರ ಸುತ್ತುವರಿದು, ನಮ್ಮ ಜಿಲ್ಲೆಯ ಮಿಕ್ಕ ನೆಲಕ್ಕೆ ಅಂಟಿಕೊಳ್ಳದೆ ನಿಂತ ತಾಲ್ಲೂಕು. ಅಲ್ಲಿನ ಹುಡುಗರು ಚೆಂಡನ್ನು ತೆಲುಗಿನಲ್ಲಿ ಕೇಳಿ ಕನ್ನಡದಲ್ಲಿ ಬೈಯುತ್ತಿದ್ದರು. ಇವತ್ತು ಅಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕು ಬಿಸಿಲನ್ನು ವಿದ್ಯುತ್ತು ಮಾಡುತ್ತಿದೆ. ಆಗ ಆ ಬಿಸಿಲನ್ನೆಲ್ಲ ನಾವು ಧರ್ಮಕ್ಕೆ ತಲೆಯ ಮೇಲೆ ಹೊರುತ್ತಿದ್ದೆವು.

ಮೊದಲನೆಯ ಪಂದ್ಯ ನಮ್ಮೂರಲ್ಲೇ, ಕೊರಟಗೆರೆಯ ಮೇಲೆ. ಒಂದು–ಒಂದು, ಸಮ. ಅದಾದ ವಾರ ಅಭ್ಯಾಸದಲ್ಲಿ ನಮ್ಮ ಗೋಲಿಯ ಹಿಮ್ಮಡಿಗೆ ಮುಳ್ಳು ಹೊಕ್ಕು ಕೀವಾಯಿತು. ಗೂಟಗಳ ನಡುವೆ ಯಾರೂ ಇಲ್ಲ. ಗೋಲಿನ ಹಿಂದೆ ಸದಾ ಎರಡು ಮೇಕೆ ಮೇಯಿಸುತ್ತ ಒಬ್ಬ ಹುಡುಗಿ ನಿಂತಿರುತ್ತಿದ್ದಳು. ಒಂಬತ್ತನೆಯ ತರಗತಿ, ನನ್ನ ಗಣಿತದಲ್ಲಿ ಸಾಧಾರಣ. ಹೊರಗೆ ಹೋದ ಚೆಂಡನ್ನು ಹಿಡಿದು ಎಸೆಯುವುದು ಅವಳು ತಾನಾಗಿ ವಹಿಸಿಕೊಂಡ ಕೆಲಸ. ಅವಳು ಚೆಂಡನ್ನು ಹಿಡಿಯುವ ರೀತಿಯನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ಕೈಗಳನ್ನು ಮುಂದೆ ಚಾಚಿ, ತಾಗಿದೊಡನೆ ಎದೆಗೆ ಒತ್ತಿಕೊಳ್ಳುತ್ತಿದ್ದಳು, ಬಾವಿಯ ಕಟ್ಟೆಯ ಮೇಲಿಂದ ಜಾರುವ ಬಿಂದಿಗೆಯನ್ನು ಹಿಡಿಯುವ ಹಾಗೆ.

"ನಿಂತ್ಕೊಳ್ಲಾ ಸಾ?" ಎಂದಳು.

ಮೂರು ವಾರ ನಿಂತಳು. ನಮ್ಮ ಹುಡುಗರು ಮೊದಲು ನಕ್ಕರು, ಆಮೇಲೆ ರೇಗಿದರು, ಮೂರನೆಯ ವಾರ ಸುಮ್ಮನಾದರು. ಒಂದು ತಂಡದ ಮನ್ನಣೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ಸಿರಾಕ್ಕೆ ಹೋಗುವ ಭಾನುವಾರ ಬಂತು. ಕಡಲೇಕಾಯಿ ಮಂಡಿಯ ಲಾರಿಯೊಂದು ಅತ್ತ ಹೊರಟಿತ್ತು. ಮೂಟೆಗಳ ಮೇಲೆ ನಮಗೆ ಜಾಗ. ಹುಡುಗರನ್ನು ಎಣಿಸುತ್ತಿದ್ದೇನೆ, ಆ ಹುಡುಗಿ ಬಂದು ನಿಂತಿದ್ದಾಳೆ. ಲಂಗದ ಕೆಳಗೆ ಅಣ್ಣನ ಚಡ್ಡಿ ಇಣುಕುತ್ತಿತ್ತು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಅವಳ ಅಪ್ಪನೇ ಲಾರಿಯ ತನಕ ಬಿಟ್ಟುಹೋಗಲು ಬಂದಿದ್ದ. "ನಿಮ್ಮ ಜೊತೆ ತಾನೇ ಸ್ವಾಮಿ, ಹೋಗ್ಬರ್ಲಿ" ಎಂದ.

ಅಡ್ಡಿ ಯಾರದೂ ಇರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಈ ನಲವತ್ತು ವರ್ಷಗಳಲ್ಲಿ ಅಡ್ಡಿ ಬೇರೆಯವರದೆಂದು ನನಗೆ ನಾನೇ ಅನೇಕ ಸಲ ಹೇಳಿಕೊಂಡಿದ್ದೇನೆ. ಹೆಣ್ಣುಮಕ್ಕಳು ಆಡಕೂಡದೆಂದು ನಮ್ಮ ಕಾಗದದ ಲೀಗಿನಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದರೋ 1921ರಲ್ಲಿ ತನ್ನ ಕ್ಲಬ್ಬುಗಳ ಮೈದಾನಗಳಲ್ಲಿ ಹೆಂಗಸರ ಆಟವನ್ನು ಬಹಿರಂಗವಾಗಿಯೇ ನಿಷೇಧಿಸಿತು. ಹಿಂದಿನ ವರ್ಷದ ಕೊನೆಗೆ ಲಿವರ್‌ಪೂಲಿನಲ್ಲಿ ಹೆಂಗಸರ ಪಂದ್ಯವೊಂದಕ್ಕೆ ಸುಮಾರು 53,000 ಜನ ನೆರೆದಿದ್ದರು. ನಿಷೇಧ ತೆಗೆದದ್ದು ಐವತ್ತು ವರ್ಷದ ಮೇಲೆ, 1971ರಲ್ಲಿ. ಅವರದು ಬರೆದ ನಿಷೇಧ. ಆದ್ದರಿಂದ ಅದನ್ನು ಅಳಿಸಲು ಸಾಧ್ಯವಾಯಿತು. ನನ್ನದು ಬರೆಯದ್ದು. ಸಿರಾದ ಮೇಷ್ಟರು ಏನೆಂದಾರು, ನಮ್ಮ ಹೆಡ್‌ಮಾಸ್ಟರು ಏನೆಂದಾರು, ಬಿದ್ದು ಗಾಯವಾದರೆ ಊರು ಏನೆಂದೀತು ಎಂದು ಯಾರೂ ಕೇಳದ ಪ್ರಶ್ನೆಗಳಿಗೆಲ್ಲ ನಾನೇ ಉತ್ತರ ಹುಡುಕಿ, ಕೊನೆಗೆ ಅವಳಿಗೆ ಹೇಳಿದೆ:

"ಈ ಸಲ ಬೇಡಮ್ಮ. ಮುಂದಿನ ಸಲ ನೋಡೋಣ."

ಅವಳು ಏನೂ ಅನ್ನಲಿಲ್ಲ. ರೊಟ್ಟಿಯ ಗಂಟನ್ನು ಗೋಲಿಗೆ ನಿಲ್ಲಬೇಕಾಗಿದ್ದ ಹುಡುಗನ ಕೈಗೆ ಕೊಟ್ಟು, ಅಪ್ಪನ ಹಿಂದೆ ಹೊರಟುಹೋದಳು.

ಸಿರಾದಲ್ಲಿ ನಾವು ಎರಡು–ಮೂರರಿಂದ ಸೋತೆವು. ಆಮೇಲೆ ಪಾವಗಡದ ಗೆಳೆಯನಿಗೆ ವರ್ಗವಾಯಿತು; ಪರೀಕ್ಷೆ ಬಂತು; ಬೇಸಗೆ ಬಂತು. ಲೀಗು ನಾಲ್ಕು ಪಂದ್ಯಕ್ಕೆ ನಿಂತಿತು. ಜೂನಿನಲ್ಲಿ ಶಾಲೆ ತೆರೆದಾಗ ಹತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರು ಇರಲಿಲ್ಲ. ಮಳೆ ಕೈಕೊಟ್ಟು ಅವರ ಮನೆಯವರು ಕೂಲಿಗೆ ಊರು ಬಿಟ್ಟಿದ್ದರು. ಮುಂದಿನ ಸಲ ಎಂಬುದು ಬರಲಿಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಒಬ್ಬ ಹೆಂಗಸು ನನ್ನನ್ನು ತಡೆದು ನಿಲ್ಲಿಸಿದಳು. ಕಂಕುಳಲ್ಲಿ ಒಂದು ಮಗು, ಸೆರಗು ಹಿಡಿದು ಇನ್ನೊಂದು. ನನಗೆ ಗುರುತು ಹತ್ತಲಿಲ್ಲ. ಅವಳು ಕ್ಷೇಮಸಮಾಚಾರ ಕೇಳಲಿಲ್ಲ.

"ಸಾ, ಅವತ್ತು ಸಿರಾದಾಗೆ ಎಷ್ಟು ಗೋಲು ಆದ್ವು?"

"ಮೂರಮ್ಮ" ಎಂದೆ. ಯಾವತ್ತು ಎಂದು ಕೇಳುವ ನಟನೆ ಮಾಡಲಾಗಲಿಲ್ಲ.

"ನಾವೆಷ್ಟು ಹೊಡೆದ್ವಿ?"

"ಎರಡು."

ಅವಳು ಗಳಿಗೆ ಹೊತ್ತು ಲೆಕ್ಕ ಮಾಡಿದಳು. ನನ್ನ ಗಣಿತದಲ್ಲಿ ಸಾಧಾರಣಳಾಗಿದ್ದವಳು. "ನಾನು ಒಂದು ಹಿಡಿದಿದ್ರೂ ಸಮ ಆಗ್ತಿತ್ತಲ್ಲ ಸಾ" ಎಂದಳು. ಸಿಟ್ಟಿನಿಂದಲ್ಲ, ಹನ್ನೆರಡು ವರ್ಷದಿಂದ ಬಿಡಿಸದೆ ಇಟ್ಟುಕೊಂಡಿದ್ದ ಒಂದು ಲೆಕ್ಕಕ್ಕೆ ಉತ್ತರ ಸಿಕ್ಕವರ ಸಮಾಧಾನದಿಂದ. ಆಮೇಲೆ ಮಕ್ಕಳಿಗೆ ಬಳೆ, ಬತ್ತಾಸು ಕೊಡಿಸಲು ಜನರಲ್ಲಿ ಸೇರಿಹೋದಳು. ನಾನು "ನಾವು" ಎಂಬ ಅವಳ ಮಾತನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಕಾಲ ಬದಲಾಗಿಲ್ಲವೆನ್ನಲಾರೆ. 2023ರ ಮಾರ್ಚಿಯಲ್ಲಿ ರಿಯಾದ್ ನಗರದಲ್ಲಿ ಕರ್ನಾಟಕದ ಗಂಡಸರ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮತ್ತೆ ಗೆದ್ದಿತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಹೆಂಗಸರ ತಂಡ ರಾಷ್ಟ್ರೀಯ ಮಹಿಳಾ ಲೀಗಿನ ಫೈನಲಿನವರೆಗೆ ಹೋಗಿ, ಗೋಕುಲಂ ಕೇರಳ ತಂಡಕ್ಕೆ ಐದು ಗೋಲುಗಳಿಂದ ಸೋತಿತು. ಐದು ಗೋಲೆಂದರೆ ನನ್ನ ಮೊಮ್ಮಗಳಷ್ಟೇ. ಸೋಲುವುದಕ್ಕೂ ಒಂದು ಜಾಗ ಬೇಕು. ಅವರಿಗೆಲ್ಲ ಆ ಜಾಗ ಸಿಕ್ಕಿದೆ.

ಮೊನ್ನೆ ಮೊಮ್ಮಗಳಿಗೆ ಈ ಕಥೆ ಹೇಳಿದೆ. ಅವಳು ಎಲ್ಲ ಕೇಳಿ, ನನ್ನನ್ನು ಬೈಯಬಹುದಿತ್ತು, ಬೈಯಲಿಲ್ಲ. "ಉಳಿದ ಎರಡು ಮ್ಯಾಚು ಯಾವುವು ತಾತ?" ಎಂದಳು. ಪೆಟ್ಟಿಗೆಯಲ್ಲಿದ್ದ ಆ ಇನ್‌ಲ್ಯಾಂಡ್ ಕಾಗದವನ್ನು ತೆಗೆದು ತೋರಿಸಿದೆ. ಕೊರಟಗೆರೆ–ಪಾವಗಡ, ಮಧುಗಿರಿ–ಪಾವಗಡ. ಎರಡರ ಎದುರಿಗೂ ಅಂಕ ಬರೆಯುವ ಜಾಗ ಖಾಲಿಯಿದೆ.

"ಹಾಗಾದ್ರೆ ನಿಮ್ಮ ಲೀಗು ಇನ್ನೂ ಮುಗಿದಿಲ್ಲ" ಎಂದಳು ಅವಳು.