ಬರೀ ಗ್ಯಾಸ್ ಅಂದಿದ್ದೆ

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದಕ್ಕೆ ನಮ್ಮ ಮನೆಯಲ್ಲಿ ನನಗೊಂದು ಕೆಲಸ ಕಾಯಂ ಆಗಿದೆ. ಡಾಕ್ಟರ್ ಚೀಟಿ, ಲ್ಯಾಬ್ ರಿಪೋರ್ಟ್, ಮಾತ್ರೆ ಶೀಟಿನ ಹಿಂದೆ ಬರೆದಿರುವುದು, ಇದನ್ನೆಲ್ಲ ಓದಿ ಹೇಳುವುದು. ಎಂಟನೇ ಕ್ಲಾಸಿನಿಂದ ಈ ಡ್ಯೂಟಿ ನನ್ನದೇ. ಹಾಸ್ಟೆಲಿಗೆ ಬಂದ ಮೇಲೂ ತಪ್ಪಿಲ್ಲ. ಶಿಕಾರಿಪುರದಿಂದ ಅಮ್ಮ, ಸೊರಬದ ಹತ್ತಿರದ ಹಳ್ಳಿಯಿಂದ ದೊಡ್ಡಮ್ಮನ ಮಗ, ವಾಟ್ಸಾಪಿನಲ್ಲಿ ಫೋಟೋ ಹಾಕಿ "ಇದೆಂತದು ನೋಡಿ ಹೇಳು" ಅಂತಾರೆ. ನಾನು ಗೂಗಲ್ ಮಾಡಿ, ಎಲ್ಲ ಗೊತ್ತಿರುವವನ ಹಾಗೆ ಹೇಳುತ್ತೇನೆ. ನಿಮ್ಮಲ್ಲೂ ಎಷ್ಟೋ ಜನರ ಮನೆಯಲ್ಲಿ ಇದೇ ಕತೆ ಇರಬೇಕು. ಹಾಗೆ ಗೊತ್ತಿರುವವನ ಹಾಗೆ ಮಾತಾಡಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಈ ಲೇಖನ.

ದೊಡ್ಡಮ್ಮನಿಗೆ ಹೊಟ್ಟೆಯ ತೊಂದರೆ ಏಳೆಂಟು ವರ್ಷದ್ದು. ಮದುವೆಮನೆಗೆ ಹೋದರೆ ಅವಳು ಮೊದಲು ನೋಡೋದು ಮಂಟಪ ಅಲ್ಲ, ಬಾತ್‌ರೂಮ್ ಯಾವ ಕಡೆ ಅಂತ. ಶಿಕಾರಿಪುರಕ್ಕೆ ಬರುವ ದಿನ ಬಸ್ಸಿಗೆ ಹೊರಡುವ ಮುಂಚೆ ಎರಡು ಸಲ ಹೋಗಿ ಬರಲೇಬೇಕು. ಊಟ ಆದ ಕೂಡಲೇ ಹೊಟ್ಟೆ ಉಬ್ಬರ, ಕೆಳಹೊಟ್ಟೆಯಲ್ಲಿ ಹಿಂಡಿದ ಹಾಗೆ ನೋವು. ಹೋಗಿ ಬಂದರೆ ಸ್ವಲ್ಪ ಹಗುರ. ರಕ್ತ ಪರೀಕ್ಷೆ, ಮಲ ಪರೀಕ್ಷೆ ಎಲ್ಲ ನಾರ್ಮಲ್. ಕೊನೆಗೆ ಡಾಕ್ಟರ್ ಚೀಟಿಯಲ್ಲಿ ಬರೆದದ್ದು ಐಬಿಎಸ್. ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕೆರಳುವ ಕರುಳು ಅಂತ ನಾನು ವಿವರಿಸಿದೆ. "ಹಂಗಂದ್ರೆ ಗ್ಯಾಸು" ಅಂತ ದೊಡ್ಡಮ್ಮ ಒಂದೇ ಮಾತಲ್ಲಿ ಮುಗಿಸಿದಳು. ಆಮೇಲೆ ಅಮ್ಮನಿಗೂ ಅದೇ ತೊಂದರೆ ಅಂತ ಗೊತ್ತಾಯಿತು. ಅಕ್ಕ ತಂಗಿ ಇಬ್ಬರಿಗೂ ಗ್ಯಾಸು. ಮನೆಯಲ್ಲಿ ಇದೊಂದು ತಮಾಷೆಯ ವಿಷಯವೇ ಆಗಿಬಿಟ್ಟಿತ್ತು.

ಹೋದ ವರ್ಷ ಭೂಮಿ ಹುಣ್ಣಿಮೆ ಕಳೆದು ಒಂದು ವಾರ ಆಗಿತ್ತು. ನಾನು ಫಸ್ಟ್ ಸೆಮ್. ಮಾರನೇ ದಿನ ಮ್ಯಾಥ್ಸ್ ಇಂಟರ್ನಲ್ಸ್. ರಾತ್ರಿ ಹನ್ನೊಂದೂವರೆಗೆ ಅಣ್ಣನ ಫೋನ್ ಬಂತು. ದೊಡ್ಡಮ್ಮ ನೆಂಟರ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ತುಪ್ಪ ಊಟ ಮಾಡಿ ಬಂದಿದ್ದಳು.

"ಅಮ್ಮಂಗೆ ಹೊಟ್ಟೆನೋವು ಕಣೋ. ಈ ಸಲ ಮೇಲ್ಗಡೆ ಅಂತಾಳೆ. ಬೆನ್ನಿಗೂ ಹೊಡಿತದಂತೆ. ವಾಂತಿನೂ ಆಯ್ತು. ಯಾವ ಮಾತ್ರೆ ಕೊಡ್ಲಿ?"

"ಅದೇ ಹಳೇದು ಅಣ್ಣ. ಬರೀ ಗ್ಯಾಸ್. ಆ ಗ್ಯಾಸಿನ ಮಾತ್ರೆ ಕೊಟ್ಟು ಮಲಗಿಸು, ಬೆಳಿಗ್ಗೆ ಸರಿಹೋಗ್ತದೆ."

ಬೆಳಿಗ್ಗೆ ಸರಿಹೋಯಿತು ಕೂಡ. ನನಗೂ ಖುಷಿ, ಮಾತ್ರೆಗೂ ಒಳ್ಳೆ ಹೆಸರು. ಮುಂದಿನ ಎರಡು ತಿಂಗಳಲ್ಲಿ ಇನ್ನೆರಡು ಸಲ ಹೀಗೇ ಆಯಿತು. ಎರಡು ಸಲವೂ ರಾತ್ರಿ, ಎರಡು ಸಲವೂ ನನ್ನದು ಅದೇ ಉತ್ತರ. ನಾಲ್ಕನೇ ಸಲ ನೋವು ಬೆಳಿಗ್ಗೆಯೂ ಹೋಗಲಿಲ್ಲ. ಜ್ವರ ಬಂತು, ಚಳಿ ನಡುಕ ಬಂತು. ಸೊರಬದಲ್ಲಿ ತೋರಿಸಿದಾಗ ಡಾಕ್ಟರ್ ಬಲಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟು "ಉಸಿರು ಎಳ್ಕೊಳ್ಳಿ" ಅಂದರಂತೆ. ದೊಡ್ಡಮ್ಮನಿಗೆ ಅರ್ಧಕ್ಕೇ ಉಸಿರು ನಿಂತಿತು. ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು, ಗೋಡೆ ಊದಿಕೊಂಡಿದೆ. ಅವತ್ತೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು.

ರಿಪೋರ್ಟಿನ ಫೋಟೋ ನನಗೂ ಬಂತು. ಲ್ಯಾಬಿನ ಹೊರಗೆ ನಿಂತು ಓದಿದೆ. "ಈ ಸಲ ಮೇಲ್ಗಡೆ" ಅಂತ ಅಣ್ಣ ಮೊದಲನೇ ದಿನವೇ ಹೇಳಿದ್ದ. ನಾನು ಕೇಳಿಸಿಕೊಂಡಿರಲಿಲ್ಲ. ಯಾಕೆಂದರೆ ನನ್ನ ಹತ್ತಿರ ಮೊದಲೇ ಒಂದು ಹೆಸರು ರೆಡಿ ಇತ್ತು.

ಆಮೇಲೆ ಕೂತು ಓದಿದೆ. ಈ ಸಲ ಬೇಗ ಉತ್ತರ ಹೇಳಲಿಕ್ಕಲ್ಲ, ಅರ್ಥ ಮಾಡಿಕೊಳ್ಳಲಿಕ್ಕೆ.

ಪಿತ್ತಕೋಶ ಅಂದರೆ ಲಿವರ್ ಕೆಳಗೆ ಅಂಟಿಕೊಂಡಿರುವ, ಸಣ್ಣ ಬದನೆಕಾಯಿ ಆಕಾರದ ಚೀಲ. ಲಿವರ್ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಪಿತ್ತರಸ ಮಾಡುತ್ತದೆ. ಈ ಚೀಲ ಹಿಡಿಯೋದು 30ರಿಂದ 50 ಮಿ.ಲೀ. ಮಾತ್ರ, ಆದರೆ ನೀರು ಹೀರಿ ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ನಾವು ಎಣ್ಣೆ, ತುಪ್ಪ ತಿಂದಾಗ ಸಣ್ಣ ಕರುಳು ಒಂದು ಹಾರ್ಮೋನ್ ಬಿಡುತ್ತದೆ. ಹೆಸರು ಕೊಲೆಸಿಸ್ಟೋಕೈನಿನ್. ಅದು ಬಂದಾಗ ಚೀಲ ಹಿಂಡಿಕೊಂಡು ಪಿತ್ತವನ್ನು ಕರುಳಿಗೆ ಬಿಡುತ್ತದೆ. ಒಳಗೆ ಕಲ್ಲಿದ್ದರೆ, ಹಿಂಡುವಾಗ ಅದು ಹೋಗಿ ಬಾಯಿಗೆ ಸಿಕ್ಕಿಕೊಳ್ಳಬಹುದು. ಆಗ ನೋವು ಏರಿ, ಒಂದೇ ಮಟ್ಟದಲ್ಲಿ ಅರ್ಧ ಗಂಟೆಗೂ ಹೆಚ್ಚು, ಕೆಲವೊಮ್ಮೆ ಗಂಟೆಗಟ್ಟಲೆ ನಿಲ್ಲುತ್ತದೆ. ಕಲ್ಲು ಹಿಂದಕ್ಕೆ ಜಾರಿದರೆ ನೋವೂ ಹೋಯಿತು. ನನ್ನ ಗ್ಯಾಸಿನ ಮಾತ್ರೆ ಮೂರು ಸಲ ಕೆಲಸ ಮಾಡಿದ್ದರ ಗುಟ್ಟು ಇಷ್ಟೇ. ಕಲ್ಲು ಜಾರಿತ್ತು, ಹೆಸರು ಮಾತ್ರೆಗೆ ಬಂತು. ನಾಲ್ಕನೇ ಸಲ ಜಾರಲಿಲ್ಲ.

ಬೆನ್ನಿಗೆ ಯಾಕೆ ಹೊಡೆಯಿತು? ಪಿತ್ತಕೋಶದ ನರಗಳೂ ಬೆನ್ನಿನ ಚರ್ಮದ ನರಗಳೂ ಬೆನ್ನುಹುರಿಯಲ್ಲಿ ಒಂದೇ ಮಟ್ಟಕ್ಕೆ ಬಂದು ಸೇರುತ್ತವೆ. ಎರಡು ಸೆನ್ಸರ್, ಒಂದೇ ಲೈನ್. ಸಿಗ್ನಲ್ ಯಾವ ಕಡೆಯಿಂದ ಬಂತು ಅಂತ ಮೆದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ.

ಐಬಿಎಸ್ ಇದಕ್ಕಿಂತ ಬೇರೆ. ಅಲ್ಲಿ ಕಲ್ಲಿಲ್ಲ, ಹುಣ್ಣಿಲ್ಲ, ಸ್ಕ್ಯಾನಿನಲ್ಲಿ ತೋರಿಸೋಕೆ ಏನೂ ಇಲ್ಲ. 1973ರಲ್ಲಿ ಬ್ರಿಟನ್ನಿನ ರಿಚಿ ಎಂಬ ವೈದ್ಯರು ಇಂಥ ರೋಗಿಗಳ ದೊಡ್ಡ ಕರುಳಿನಲ್ಲಿ ಸಣ್ಣ ಬಲೂನು ಊದಿ ನೋಡಿದರು. ಬೇರೆಯವರಿಗೆ ನೋವೇ ಆಗದಷ್ಟು ಊದಿದಾಗಲೂ ಇವರಲ್ಲಿ ಬಹಳ ಜನರಿಗೆ ನೋವಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಗೇನ್ ಜಾಸ್ತಿ. ಹಾಗಂತ ನೋವು ಸುಳ್ಳಲ್ಲ. ಸೆಮಿಸ್ಟರ್ ಎಕ್ಸಾಮ್ ದಿನ ಬೆಳಿಗ್ಗೆ ಹಾಸ್ಟೆಲ್ ಬಾತ್‌ರೂಮಿನ ಮುಂದೆ ಕ್ಯೂ ನೋಡಿದವರಿಗೆ ಕರುಳಿಗೂ ಮೆದುಳಿಗೂ ಎಷ್ಟು ಸಂಬಂಧ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಡಾಕ್ಟರುಗಳು ಬಳಸುವ ರೋಮ್ ಮಾನದಂಡ ಅಂತ ಒಂದಿದೆ. 2016ರಲ್ಲಿ ಅದರ ನಾಲ್ಕನೇ ಆವೃತ್ತಿ ಬಂತು. ಅದರ ಪ್ರಕಾರ ಐಬಿಎಸ್ ನೋವು ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಇರಬೇಕು, ಮತ್ತು ಅದಕ್ಕೆ ಮಲವಿಸರ್ಜನೆಯ ಜೊತೆ ಸಂಬಂಧ ಇರಬೇಕು. ಪಿತ್ತಕೋಶದ ನೋವು ಹಾಗಲ್ಲ. ಅದು ದಿನಾ ಬರೋದಿಲ್ಲ, ಬಂದಾಗ ಕೆಲಸ ಬಿಟ್ಟು ಕೂರಿಸುತ್ತದೆ, ನಿದ್ದೆಯಿಂದ ಎಬ್ಬಿಸುತ್ತದೆ, ಬಾತ್‌ರೂಮಿಗೆ ಹೋಗಿ ಬಂದರೂ ಕಡಿಮೆ ಆಗೋದಿಲ್ಲ. ಎಲ್ಲಿ, ಎಷ್ಟು ಹೊತ್ತು, ಹೋಗಿ ಬಂದ ಮೇಲೆ ಹೇಗೆ? ಈ ಮೂರು ಪ್ರಶ್ನೆ ಕೇಳಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆ.

ಆಪರೇಷನ್ ಅಂದಾಗ ದೊಡ್ಡಮ್ಮ ಹೆದರಿದ್ದಳು. ಪಿತ್ತಕೋಶ ತೆಗೆಯುವ ಆಪರೇಷನ್ ಹೊಸದೇನಲ್ಲ, 1882ರಲ್ಲಿ ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಖ್ ಮೊದಲ ಸಲ ಮಾಡಿದ್ದು. ಆದರೆ ಹೊಟ್ಟೆ ಉದ್ದಕ್ಕೆ ಕೊಯ್ಯದೆ ಸಣ್ಣ ತೂತುಗಳಿಂದ ಮಾಡುವ ಲ್ಯಾಪರೊಸ್ಕೋಪಿ ಬಂದದ್ದು 1985ರಲ್ಲಿ, ಜರ್ಮನಿಯ ಎರಿಕ್ ಮ್ಯೂಹೆ ಅವರಿಂದ. ಭಾರತದಲ್ಲಿ 1990ರಲ್ಲಿ ಮುಂಬೈನಲ್ಲಿ ಡಾ. ಟೆಹೆಮ್ಟನ್ ಉದ್ವಾಡಿಯಾ ಶುರುಮಾಡಿದರು. ದೊಡ್ಡಮ್ಮನಿಗೂ ನಾಲ್ಕೇ ತೂತು. ಕೆಲವೇ ದಿನದಲ್ಲಿ ಮನೆಗೆ ಬಂದಳು.

ಕತೆ ಇಲ್ಲಿಗೆ ಮುಗಿದಿದ್ದರೆ "ಹೊಟ್ಟೆನೋವು ಬಂದವರೆಲ್ಲ ಸ್ಕ್ಯಾನ್ ಮಾಡಿಸಿ" ಅಂತ ನಾನೂ ಹೇಳಿಬಿಡುತ್ತಿದ್ದೆ. ಆದರೆ ಶಿಕಾರಿಪುರದಲ್ಲಿ ಇದೇ ಕತೆ ಉಲ್ಟಾ ನಡೆಯಿತು.

ಅಕ್ಕನನ್ನು ನೋಡಿ ಅಮ್ಮನಿಗೆ ಭಯ ಹತ್ತಿತು. ಸ್ಕ್ಯಾನಿಗೆ ಹೋದಳು. ಮೊದಲ ದಿನ ಹಾಲು ಹಾಕಿದ ಟೀ ಕುಡಿದು ಹೋಗಿದ್ದಕ್ಕೆ ವಾಪಸ್ ಕಳಿಸಿದರು. ಹಾಲಿನ ಕೊಬ್ಬಿಗೆ ಚೀಲ ಹಿಂಡಿಕೊಂಡುಬಿಟ್ಟರೆ ಒಳಗೇನಿದೆ ಅಂತ ಸರಿಯಾಗಿ ಕಾಣೋದಿಲ್ಲವಂತೆ. ಮಾರನೇ ದಿನ ಖಾಲಿ ಹೊಟ್ಟೆಯಲ್ಲಿ ಹೋದಾಗ ಒಂದು ಕಲ್ಲು ಸಿಕ್ಕಿತು. 6 ಮಿ.ಮೀ. ಫೋಟೋದಲ್ಲಿ ಬೆಳ್ಳಗಿನ ಒಂದು ಚುಕ್ಕೆ, ಅದರ ಹಿಂದೆ ಕಪ್ಪು ನೆರಳು. ಶಬ್ದದ ಅಲೆ ಕಲ್ಲಿಗೆ ತಾಗಿ ವಾಪಸ್ ಬರುತ್ತದೆ, ಅದನ್ನು ದಾಟಿ ಮುಂದೆ ಹೋಗೋದಿಲ್ಲ, ಅದಕ್ಕೇ ಆ ನೆರಳು.

ಬೀದಿಯವರೆಲ್ಲ "ತೆಗೆಸಿಬಿಡಿ" ಅಂದರು. ಅಮ್ಮನಿಗೆ ಭಯಕ್ಕಿಂತ ಆಸೆ ಜಾಸ್ತಿ ಆಗಿತ್ತು. ಇಷ್ಟು ವರ್ಷದ ಉಬ್ಬರ, ಹಿಂಡುವ ನೋವು, ಎಲ್ಲದಕ್ಕೂ ಕಾರಣ ಕೊನೆಗೂ ಸಿಕ್ಕಿತು, ಫೋಟೋ ಸಮೇತ. ಅದೊಂದನ್ನು ತೆಗೆಸಿದರೆ ಎಲ್ಲ ಹೋಗುತ್ತದೆ. ನಾನೂ ಹಾಗೇ ನಂಬಿದ್ದೆ.

ಸರ್ಜನ್ ಹತ್ತಿರ ಜೊತೆಗೆ ಹೋದೆ. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಅಮ್ಮನನ್ನು ಕಾಲು ಗಂಟೆ ಬರೀ ಪ್ರಶ್ನೆ ಕೇಳಿದರು. ನೋವು ಎಲ್ಲಿ ಬರ್ತದೆ? ಎಷ್ಟು ಹೊತ್ತು ಇರ್ತದೆ? ರಾತ್ರಿ ಎಚ್ಚರ ಆಗ್ತದಾ? ಹೋಗಿ ಬಂದರೆ? ಅಮ್ಮನ ಉತ್ತರ ಎಲ್ಲ ಕರುಳಿನ ಕಡೆಗೇ ಇತ್ತು. "ಈ ಕಲ್ಲು ಸುಮ್ನೆ ಕೂತಿದೆ ಅಮ್ಮ. ನಿಮ್ಮ ನೋವು ಇದರದ್ದಲ್ಲ. ತೆಗೆದರೂ ಆ ನೋವು ಹೋಗಲ್ಲ" ಅಂದರು. ಹೊರಗೆ ಬಂದ ಮೇಲೆ ಅಮ್ಮನ ಮುಖ ಸಣ್ಣಗಾಗಿತ್ತು. "ಕಲ್ಲು ಇಟ್ಕೊಂಡೇ ಓಡಾಡು ಅಂತಾರಲ್ಲೋ" ಅಂದಳು.

ಓದಿದಾಗ ಗೊತ್ತಾಯಿತು, ಪಿತ್ತಕೋಶದಲ್ಲಿ ಕಲ್ಲಿರುವ ಹೆಚ್ಚಿನವರಿಗೆ ಅದರಿಂದ ಯಾವತ್ತೂ ತೊಂದರೆ ಆಗುವುದಿಲ್ಲ. ಸುಮ್ಮನಿರುವ ಕಲ್ಲನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಕೆಲವರಿಗೆ ಬೇರೆ ಕಾರಣಕ್ಕೆ ತೆಗೆಯಬೇಕಾಗಬಹುದು, ಅದನ್ನು ಡಾಕ್ಟರೇ ಹೇಳಬೇಕು. ಇನ್ನೊಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. 2004ರಲ್ಲಿ ಅಮೆರಿಕದಲ್ಲಿ ಸುಮಾರು 89 ಸಾವಿರ ಜನರ ಮಾಹಿತಿ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟವಾಯಿತು. ಐಬಿಎಸ್ ಇಲ್ಲದವರಲ್ಲಿ ಪಿತ್ತಕೋಶ ತೆಗೆಸಿಕೊಂಡವರು ನೂರಕ್ಕೆ ಸುಮಾರು 4 ಜನ. ಐಬಿಎಸ್ ಇರುವವರಲ್ಲಿ 12. ಐಬಿಎಸ್ ಇದ್ದರೆ ಕಲ್ಲು ಮೂರು ಪಟ್ಟು ಆಗುತ್ತದೆ ಅಂತ ಇದರ ಅರ್ಥ ಅಲ್ಲ. ಕರುಳಿನ ನೋವಿನ ತಪ್ಪನ್ನು ಎಷ್ಟೋ ಸಲ ಪಿತ್ತಕೋಶದ ಮೇಲೆ ಹೊರಿಸಿರಬಹುದು ಎಂಬುದು ಸಂಶಯ. ಅದೂ ಅಲ್ಲದೆ, ಚೀಲ ತೆಗೆದ ಮೇಲೆ ಪಿತ್ತರಸ ಸಂಗ್ರಹ ಆಗದೆ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಕೆಲವರಿಗೆ ಅದರಿಂದ ಭೇದಿ ಶುರುವಾಗುತ್ತದೆ. ದೊಡ್ಡಮ್ಮನಿಗೂ ಮೊದಲ ಕೆಲವು ವಾರ ಹಾಗೇ ಆಯಿತು.

ಅಂದರೆ ಒಂದು ಮನೆ, ಎರಡು ಊರು, ಎರಡು ತಪ್ಪು. ಸೊರಬದಲ್ಲಿ ಹಳೇ ಹೆಸರನ್ನು ಹೊಸ ನೋವಿಗೆ ಹಚ್ಚಿದೆವು, ಕಲ್ಲು ತಪ್ಪಿಸಿಕೊಂಡಿತು. ಶಿಕಾರಿಪುರದಲ್ಲಿ ಹೊಸ ಫೋಟೋ ನೋಡಿ ಹಳೇ ನೋವನ್ನು ಅದರ ತಲೆಗೆ ಕಟ್ಟಲು ಹೊರಟೆವು, ಬೇಡದ ಆಪರೇಷನ್ ಸ್ವಲ್ಪದರಲ್ಲಿ ತಪ್ಪಿತು. ಫಾಲ್ಸ್ ನೆಗೆಟಿವ್, ಫಾಲ್ಸ್ ಪಾಸಿಟಿವ್ ಅಂತ ನಾವು ನೋಟ್ಸಿನಲ್ಲಿ ಬರೆದುಕೊಳ್ಳುತ್ತೇವಲ್ಲ, ಅದೇ. ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಅವೇ ಮೂರು.

ರಜೆಯಲ್ಲಿ ಅಮ್ಮನ ಜೊತೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆ. ಶಿರಾಳಕೊಪ್ಪದ ಹತ್ತಿರವೇ ಬಳ್ಳಿಗಾವಿ. ಸ್ಕೂಲ್ ಟ್ರಿಪ್ಪಿನಲ್ಲಿ ಕೇದಾರೇಶ್ವರ ದೇವಸ್ಥಾನ ನೋಡಿದ್ದೆ, ಅಲ್ಲಿದ್ದ ಕೋಡಿಮಠದ ವಿಷಯ ಆಮೇಲೆ ಓದಿದ್ದು. 1162ರ ಶಾಸನದಲ್ಲಿ ಆ ಮಠವನ್ನು ವಿದ್ಯೆ ಕಲಿಸುವ ಜಾಗ, ಬಡವರಿಗೆ ಅನ್ನ ಹಾಕುವ ಜಾಗ ಅಂತ ಹೇಳಿ, ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುವ ಜಾಗ ಅಂತಲೂ ಹೇಳಿದೆ. ಗುರುತು ಪರಿಚಯ ಇಲ್ಲದ ರೋಗಿಗಳಿಗೆ ಅವರು ಅಷ್ಟು ಮಾಡಿದ್ದರು. ನಾನು ಸ್ವಂತ ದೊಡ್ಡಮ್ಮನ ನೋವು ಕೇಳಲಿಕ್ಕೆ ಫೋನಿನಲ್ಲಿ ಎರಡು ನಿಮಿಷ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಇದೇ ತಲೆಯಲ್ಲಿತ್ತು.

ದೊಡ್ಡಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಕೂತು ಸುಮಾರು ಹೊತ್ತಾದ ಮೇಲೆ ಹೇಳಿದೆ, "ಅವತ್ತು ನಾನೇ ತಪ್ಪು ಹೇಳಿದ್ದು ದೊಡ್ಡಮ್ಮ." ಅವಳು ನಕ್ಕಳು. "ನೀ ಎಂತ ಮಾಡ್ತೀಯ ಅಪ್ಪಿ? ನಂಗೇ ಬೇರೆ ನೋವು ಅಂತ ಗೊತ್ತಾಗಿತ್ತು. ಹೇಳಿದ್ರೆ ಮತ್ತೆ ಗ್ಯಾಸು ಅಂತೀರಿ ಅಂತ ಸುಮ್ನಾದೆ."

ಈ ಮಾತು ನನಗೆ ಸ್ಕ್ಯಾನ್ ರಿಪೋರ್ಟಿಗಿಂತ ಜಾಸ್ತಿ ನೋವು ಕೊಟ್ಟಿತು.

ಈಗ ಅಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ನೋವು ಬಂದ ದಿನ ಗುರುತು ಹಾಕುತ್ತಾಳೆ. ಕೆಳಗಾದರೆ "ಕೆ", ಮೇಲಾದರೆ "ಮೇ". ಇವತ್ತಿನವರೆಗೆ ಎಲ್ಲವೂ "ಕೆ". "ಮೇ" ಬಂದು ಅರ್ಧ ಗಂಟೆ ಕಳೆದರೆ ಡಾಕ್ಟರ್ ಹತ್ತಿರ. ಜ್ವರ ಬಂದರೆ, ಕಣ್ಣು ಹಳದಿ ಆದರೆ, ನೋವು ಬಿಡದೆ ಗಂಟೆಗಟ್ಟಲೆ ನಿಂತರೆ ಯಾರನ್ನೂ ಕೇಳದೆ ನೇರ ಆಸ್ಪತ್ರೆಗೆ. ನನ್ನನ್ನೂ ಕೇಳಬೇಕಾಗಿಲ್ಲ ಅಂತ ಹೇಳಿದ್ದೇನೆ.

ದೊಡ್ಡಮ್ಮನ ಹಳೇ ಐಬಿಎಸ್ ಎಲ್ಲೂ ಹೋಗಿಲ್ಲ. ಮೊನ್ನೆ ಫೋನ್ ಮಾಡಿ ಹೊಟ್ಟೆನೋವು ಅಂದಳು. ಎಲ್ಲಿ, ಎಷ್ಟು ಹೊತ್ತಿಂದ, ಹೋಗಿ ಬಂದ ಮೇಲೆ ಹೇಗಿದೆ ಅಂತ ಒಂದೊಂದಾಗಿ ಕೇಳಿದೆ.

"ನೀ ಇಂಜಿನಿಯರ್ ಓದ್ತಿದೀಯೋ ಡಾಕ್ಟರ್ ಓದ್ತಿದೀಯೋ?" ಅಂತ ಬೈದಳು. ಆಮೇಲೆ ಮೂರಕ್ಕೂ ಉತ್ತರ ಹೇಳಿದಳು.